ತಂತಿಯಿಲ್ಲದ ಗಿಟಾರುಗಳ ಚಿಕ್ಕಪ್ಪ

ಸೇಲಂ ಜಿಲ್ಲೆಯಲ್ಲಿ ಗಿಟಾರಿನ ವಿಷಯ ನಮ್ಮ ಚಿಕ್ಕಪ್ಪನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಅದು ಹೇಗೆ ಕೇಳಿಸುತ್ತದೆ ಎನ್ನುವುದೊಂದನ್ನು ಬಿಟ್ಟು! ಅದೊಂದು ಸಣ್ಣ ಕೊರತೆ. ಅವನು ಅದನ್ನು ಕೊರತೆ ಎಂದು ಒಪ್ಪಿದವನಲ್ಲ.

ಅವನ ಮನೆಯ ಪಡಸಾಲೆಯಲ್ಲಿ ಹತ್ತು ಗಿಟಾರುಗಳಿವೆ. ಹನ್ನೊಂದೂ ಇರಬಹುದು. ಎಣಿಸಿದಾಗಲೆಲ್ಲ ನನಗೆ ಒಂದೊಂದು ಲೆಕ್ಕ ಬಂದಿದೆ. ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೇಲೆ ನಾನು ನನ್ನ ನೆನಪನ್ನು ನಂಬುವುದನ್ನು ಬಿಟ್ಟಿದ್ದೇನೆ; ಓದಿನಿಂದ ನನಗೆ ದಕ್ಕಿದ್ದು ಅಷ್ಟೇ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಅವುಗಳಲ್ಲಿ ಒಂದಕ್ಕೂ ತಂತಿ ಇಲ್ಲ. ಎಲ್ಲವೂ ಗೋಡೆಗೆ ಮುಖ ಮಾಡಿ, ಮನೆಗೆ ಬಂದವರಿಗೆ ಬೆನ್ನು ತೋರಿಸಿಕೊಂಡು ನೇತಾಡುತ್ತವೆ. ಹೊಸಬರು ನೋಡಿದರೆ, ಪಾಠ ಒಪ್ಪಿಸದ ಮಕ್ಕಳನ್ನು ಮೇಷ್ಟ್ರು ಸಾಲಾಗಿ ನಿಲ್ಲಿಸಿದ್ದಾರೆ ಎಂದುಕೊಳ್ಳಬೇಕು.

ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನೇಯ್ಗೆಯವರ ಮನೆತನ. ಚಿಕ್ಕಪ್ಪ ಚಿಕ್ಕಂದಿನಲ್ಲಿ ಕೈಮಗ್ಗದಲ್ಲಿ ಕೂತವನು. ಆಮೇಲೆ ಸೀರೆಗಳ ಅಂಚು, ಬುಟ್ಟಾ, ಸೆರಗಿನ ಡಿಸೈನನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುವ ಕೆಲಸಕ್ಕೆ ಬಂದವನು. ಬಟ್ಟೆ ಬಲ್ಲವರು ಸೀರೆ ಕೈಗೆ ಬಂದರೆ ಮೊದಲು ತಿರುವಿ ಹಿಂಬದಿ ನೋಡುತ್ತಾರೆ. ಮುಂಬದಿಯನ್ನು ಯಾರು ಬೇಕಾದರೂ ಚೆಂದ ಮಾಡಿಯಾರು. ಎಳೆ ಎಲ್ಲಿ ಹರಿದಿದೆ, ಗಂಟು ಎಲ್ಲಿ ಬಿದ್ದಿದೆ, ನೇಯುವವನಿಗೆ ಎಲ್ಲಿ ಬೇಸರ ಬಂದಿದೆ, ಇದೆಲ್ಲ ಬರೆದಿರುವುದು ಹಿಂಬದಿಯಲ್ಲಿ. ಚಿಕ್ಕಪ್ಪ ಗಿಟಾರನ್ನೂ ಒಂದು ಮರದ ಸೀರೆ ಎಂದೇ ತಿಳಿದ. ಅದರ ಬೆನ್ನಿನ ಮರದ ಗೆರೆಗಳೇ ಒಡಲು, ಸುತ್ತಲಿನ ಪಟ್ಟಿಯೇ ಅಂಚು, ನಡುವಿನ ರಂಧ್ರದ ಸುತ್ತ ಬಿಡಿಸಿದ ಚಿತ್ತಾರವೇ ಬುಟ್ಟಾ, ಉದ್ದನೆಯ ಕುತ್ತಿಗೆಯೇ ಸೆರಗು.

ಒಮ್ಮೆ ನಾನು ಅವನ ಜೊತೆ ಸೇಲಂನ ಒಂದು ವಾದ್ಯದಂಗಡಿಗೆ ಹೋಗಿದ್ದೆ. ಅಂಗಡಿಯವನು ಜೇನಿನ ಬಣ್ಣದ ಗಿಟಾರೊಂದನ್ನು ಇಳಿಸಿ, ಇನ್ನೇನು ಮೀಟಬೇಕು, ಚಿಕ್ಕಪ್ಪ ಅವನ ಕೈ ಹಿಡಿದ.

"ಅದೆಲ್ಲಾಂ ವೇಂಡಾಂ. ತಿರುಪ್ಪುಂಗ."

ಅದೆಲ್ಲ ಬೇಡ, ತಿರುಗಿಸಿ ಅಂತ. ಅಂಗಡಿಯವನು ತಿರುಗಿಸಿದ. ಆಮೇಲೆ ಅನುಮಾನ ಬಂದು, ಒಂದು ಸಲವಾದರೂ ನುಡಿಸಿ ತೋರಿಸಲೇ ಎಂದು ಕೇಳಿದ.

"ಪೊಡವೆ ವಾಂಗ ವಂದಾ ಕಟ್ಟಿ ಕಾಟ್ಟುವೀಂಗಳಾ?" ಎಂದ ಚಿಕ್ಕಪ್ಪ. ಸೀರೆ ಕೊಳ್ಳಲು ಬಂದವರಿಗೆ ಉಟ್ಟು ತೋರಿಸುತ್ತೀರಾ ಅಂತ.

ನಮ್ಮ ಊರಿನ ಸೀರೆ ಅಂಗಡಿಗಳಲ್ಲಿ ಮೀಸೆ ಹೊತ್ತ ಗಂಡಸರೇ ಸೆರಗು ಹೊದ್ದು ತೋರಿಸುತ್ತಾರೆ ಎಂಬುದು ನನಗೆ ಹೊಳೆದದ್ದು ಬೀದಿಗೆ ಬಂದ ಮೇಲೆ. ಅಂಗಡಿಯವನಿಗೂ ಆಗಲೇ ಹೊಳೆದಿರಬೇಕು. ಬಾಗಿಲಿಗೆ ಬಂದು ನಮ್ಮನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಗಿಟಾರು ನಮ್ಮ ಕಂಕುಳಲ್ಲಿತ್ತು.

ಮನೆಗೆ ಬಂದವನೇ ಚಿಕ್ಕಪ್ಪ ಇಕ್ಕಳ ತಂದು ತಂತಿಗಳನ್ನೆಲ್ಲ ಕಿತ್ತ. ಯಾಕೆ ಎಂದು ಕೇಳಿದೆ.

"ಮಗ್ಗದಿಂದ ಇಳ್ಸಿದ ಸೀರೆಗೆ ನೂಲು ಎಳ್ದು ಕಟ್ಟಿರ್ತಾರೇನ್ಲಾ? ತಂತಿ ಐತೆ ಅಂದ್ರೆ ಇನ್ನೂ ಕೆಲ್ಸ ಮುಗಿದಿಲ್ಲ ಅಂತ ಅರ್ಥ."

ಈ ಮಾತಿಗೆ ತರ್ಕಶಾಸ್ತ್ರದಲ್ಲಿ ಉತ್ತರ ಇರಲೇಬೇಕು. ನನಗೆ ಇನ್ನೂ ಸಿಕ್ಕಿಲ್ಲ.

ಇಷ್ಟೆಲ್ಲ ಯಾರಿಗೋಸ್ಕರ? ಇದಕ್ಕೆ ನಮ್ಮ ಚಿಕ್ಕಮ್ಮನ ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ಕೈಕೆಲಸವನ್ನು ಬಾಯಿಬಿಟ್ಟು ಹೊಗಳುವ ರೂಢಿ ಇಲ್ಲ. ಹೊಗಳಿದರೆ ದೃಷ್ಟಿ ತಾಕಿ ಮುಂದಿನ ಸೀರೆಯಲ್ಲಿ ಎಳೆ ಹರಿಯುತ್ತದಂತೆ. ಎಂಥ ಸೀರೆ ನೇಯ್ದರೂ ಹಿರಿಯರು ಒಂದು ತಪ್ಪು ಹುಡುಕಬೇಕು. ಸಿಗದಿದ್ದರೆ "ಪರವಾಗಿಲ್ಲ" ಎನ್ನಬೇಕು. ಈ ರೂಢಿ ನಮ್ಮ ಅಡುಗೆಮನೆಗಳಿಗೂ ಹಬ್ಬಿ, ಮದುವೆಯೂಟ ಮಾಡಿ ಎದ್ದವರು ಉಪ್ಪು ಒಂಚೂರು ಕಮ್ಮಿ ಎಂದು ಹೇಳಿಯೇ ಕೈ ತೊಳೆಯುತ್ತಾರೆ. ಚಿಕ್ಕಮ್ಮ ಈ ಪಂಥದ ಮಹಾಗುರು. "ಚೆನ್ನಾಗೈತೆ" ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ಕೇಳಿದವರಿರಲಿಲ್ಲ. ಆ ಒಂದು ಮಾತು ಅವಳಿಂದ ಬರುವಂಥ ಗಿಟಾರನ್ನು ತರಬೇಕು ಎನ್ನುವುದು ಚಿಕ್ಕಪ್ಪನ ಹಟ. ಅವಳು ಅವನ ಡಿಸೈನಿನ ಸೀರೆ ಯಾವುದನ್ನೂ ಹೊಗಳಿದವಳಲ್ಲ. ಸೀರೆಯಲ್ಲಿ ಸೋತ ಮೇಲೆ ಅವನು ಮರಕ್ಕೆ ಬಂದಿದ್ದ.

ಇನ್ನೊಂದು ಸಂಗತಿ. ಮದುವೆಯಾದ ಕೆಲವು ವರ್ಷಕ್ಕೆ ಮನೆಯ ಕೈಮಗ್ಗ ನಿಂತು, ಚಿಕ್ಕಮ್ಮ ಪವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಹೋಗತೊಡಗಿದಳು. ಹತ್ತಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಆ ಶೆಡ್ಡು ಅವಳ ಕಿವಿಗಳನ್ನು ಮೆಲ್ಲಮೆಲ್ಲಗೆ ತಿಂದುಬಿಟ್ಟಿತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳಿಗೆ ಕೂಗಿ ಹೇಳಬೇಕಿತ್ತು, ಅವಳೂ ಕೂಗಿಯೇ ಉತ್ತರ ಕೊಡುತ್ತಿದ್ದಳು. ಅವಳು ಗುಟ್ಟು ಹೇಳಿದರೆ ಪಕ್ಕದ ಬೀದಿಯವರು ಬಂದು ಸಮಾಧಾನ ಮಾಡುತ್ತಿದ್ದರು.

ಹೊಸ ಗಿಟಾರು ಬಂದ ದಿನ ಅದನ್ನು ಮಂಚದ ಮೇಲೆ ಮಲಗಿಸಿ, ಚಿಕ್ಕಪ್ಪ ಹೆಣ್ಣು ತೋರಿಸುವವನ ಹಾಗೆ ಪಕ್ಕದಲ್ಲಿ ನಿಲ್ಲುತ್ತಿದ್ದ. "ಎಂಗೈತೆ?" ಎಂದು ಕೂಗುತ್ತಿದ್ದ. ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಮುಂದೆ ನೋಡಿ, ಹಿಂದೆ ನೋಡಿ, ಅಂಚಿನ ಮೇಲೆ ಬೆರಳು ಎಳೆಯುತ್ತಿದ್ದಳು.

"ಒಟ್ಟೆ ದಪ್ಪ ಆಯ್ತು. ಸೊಂಟ ಎಲ್ಲೈತೆ ಇದುಕ್ಕೆ?" ಎಂದಳು ಒಂದಕ್ಕೆ.

ಇನ್ನೊಂದನ್ನು ಬಹಳ ಹೊತ್ತು ನೋಡಿದಳು. "ಎಡಪ್ಪಾಡಿ ಅತ್ತಿಗೆ ಇದ್ದಂಗೈತೆ. ಮೇಲೆ ಸಣ್ಣ, ಕೆಳಗೆ ಒಂದು ಬಂಡಿ," ಎಂದಳು. ಎಡಪ್ಪಾಡಿಯ ಅತ್ತಿಗೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಆಮೇಲೆ ಎರಡು ಹಬ್ಬಕ್ಕೆ ಅವರು ಈ ಕಡೆ ತಲೆ ಹಾಕಲಿಲ್ಲ. ಆ ಗಿಟಾರು ಮಾತ್ರ ಇನ್ನೂ ಇದೆ.

ಮೂರನೆಯದನ್ನು ಕಂಡು "ಬೋಳ್ ಬೋಳಾಗೈತೆ" ಎಂದಳು. ಚಿಕ್ಕಪ್ಪನಿಗೆ ಇದರಲ್ಲೊಂದು ದಾರಿ ಕಂಡಿತು. ತಂತಿ ಇದ್ದ ಜಾಗದಲ್ಲಿ ಅಪ್ಪಟ ಬಂಗಾರದ ಬಣ್ಣದ ಜರಿ ಎಳೆದು ಬಿಗಿದ. ನಿಜ ಹೇಳಬೇಕೆಂದರೆ, ಬೆಳಗಿನ ಬಿಸಿಲಿನಲ್ಲಿ ಅದು ಹೊಳೆಯುವುದನ್ನು ನೋಡಲು ನಾನೂ ಎರಡು ಸಲ ಹೋಗಿದ್ದೆ. ಅದೇ ವಾರ ಕೊಯಮತ್ತೂರಿನಿಂದ ನನ್ನ ಗೆಳೆಯನೊಬ್ಬ ಬಂದ, ನಿಜವಾಗಿ ಗಿಟಾರು ನುಡಿಸುವವನು. ಚಿಕ್ಕಪ್ಪ ಒಳಗಿದ್ದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಮ್ಮೆ ಮೀಟಿದ. ಸದ್ದಿಲ್ಲ. ಇನ್ನೊಮ್ಮೆ ಮೀಟಿದ. ಜರಿ ಪಟ್ಟನೆ ಹರಿದು ಅವನ ಬೆರಳಿಗೆ ಸುತ್ತಿಕೊಂಡಿತು. ಚಿಕ್ಕಪ್ಪ ಬಂದು ನಿಂತ.

"ಇದೆಂಥ ಸ್ಟ್ರಿಂಗ್ ಅಂಕಲ್? ಸೌಂಡೇ ಬರ್ತಿಲ್ಲ," ಎಂದ ಗೆಳೆಯ ತಮಿಳಿನಲ್ಲಿ.

"ಕಾಂತಿ ಬಂತಲ್ಲಪ್ಪ. ಅದುನ್ನ ನೋಡೋದ್ ಬಿಟ್ಟು ಕಿತ್ತಾಕ್ದೆ," ಎಂದ ಚಿಕ್ಕಪ್ಪ ಕನ್ನಡದಲ್ಲಿ.

ಗೆಳೆಯನಿಗೆ ಕನ್ನಡ ಬಾರದು. ಚಿಕ್ಕಪ್ಪನ ಮುಖ ನೋಡಿ ಅರ್ಥ ಮಾಡಿಕೊಂಡು, ಊಟಕ್ಕೆ ನಿಲ್ಲದೆ ಹೊರಟ.

ಇಂಥ ಮನುಷ್ಯನನ್ನು ಓದಿದವನು ಸುಮ್ಮನೆ ಬಿಡುವುದುಂಟೇ? ನಾನು ಅವನ ಮೇಲೆ ಒಂದಾದ ಮೇಲೊಂದು ಸಿದ್ಧಾಂತ ಕಟ್ಟಿದೆ. ಕಳೆದುಹೋದ ಕೈಮಗ್ಗದ ಹಂಬಲ ಎಂದೆ. ಕೆಳಗಿನವರು ಮೇಲಿನವರ ಸಾಮಾನಿನ ಮೇಲೆ ತೀರಿಸಿಕೊಳ್ಳುವ ಸೇಡು ಎಂದೆ. ಒಂದು ದಿನ ಸಹಿಸಲಾರದೆ ನೇರವಾಗಿ ಕೇಳಿಬಿಟ್ಟೆ: "ನೋಡೋದಕ್ಕೇ ಬೇಕಿದ್ರೆ ಕ್ಯಾಲೆಂಡರ್ ತಗೋಬಹುದಿತ್ತಲ್ಲ ಚಿಕ್ಕಪ್ಪ. ಬಾರಿಸೋದು ಕಲಿಯಬಹುದಿತ್ತಲ್ಲ?"

ಅವನು ಹಳೆಯ ಪಂಚೆಯ ತುಂಡಿನಿಂದ ಒಂದರ ಬೆನ್ನು ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಬಾರ್ಸಿದ್ರೆ ನನಗೊಬ್ನಿಗೆ ಕೇಳ್ತೈತೆ. ನೋಡಿದ್ರೆ ಇಬ್ರಿಗೂ ಕಾಣ್ತೈತೆ."

ಆಗ ನಾನು ಈ ಮಾತನ್ನೂ ಅನುಮಾನಿಸಿದೆ. ಮೊದಲ ಗಿಟಾರು ಬಂದದ್ದು ಅವಳ ಕಿವಿ ಮಂದವಾಗುವ ಮೊದಲೋ ಆಮೇಲೋ ಎಂದು ಲೆಕ್ಕ ಹಾಕುತ್ತ ಕೂತೆ. ಲೆಕ್ಕ ಇಂದಿಗೂ ಹೊಂದಿಲ್ಲ. ಅಷ್ಟು ಹೊತ್ತು ಆ ಮಾತನ್ನೇ ನೆನೆಯುತ್ತ ಕೂತಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಯಾಕೆಂದರೆ ಚಿಕ್ಕಮ್ಮ ಹೋದ ವರ್ಷ ತೀರಿಕೊಂಡಳು. ನಾಲ್ಕು ದಿನದ ಜ್ವರ ಎಂದರು. ನನಗೆ ವಾರ ಎಂದು ನೆನಪು. ಅವಳ ಬಾಯಿಂದ ಆ ಒಂದು ಮಾತು ಬರಲೇ ಇಲ್ಲ. ಗೋಡೆಯ ತುಂಬ ಗಿಟಾರುಗಳು, ಒಂದಕ್ಕೂ "ಚೆನ್ನಾಗೈತೆ" ಇಲ್ಲ.

ಆಮೇಲೆ ಚಿಕ್ಕಪ್ಪ ಅಂಗಡಿಗಳ ಕಡೆ ಹೋಗುವುದನ್ನು ಬಿಟ್ಟ. ವಾದ್ಯದಂಗಡಿಯವನು ತಾನೇ ಫೋನು ಮಾಡಿ, ಹೊಸ ಮಾಲು ಬಂದಿದೆ, ಬೆನ್ನು ಬಹಳ ಚೆನ್ನಾಗಿದೆ ಎಂದನಂತೆ. ನುಡಿಸುವ ಮಾತೇ ಎತ್ತಲಿಲ್ಲ. ಪಾಪ, ಅವನೂ ಪಳಗಿದ್ದ. "ಯಾರುಕ್ಕು ಕಾಟ್ಟುರದು?" ಎಂದು ಇವನು ಫೋನು ಇಟ್ಟ. ತಂದು ಯಾರಿಗೆ ತೋರಿಸಲಿ ಅಂತ.

ಮೊನ್ನೆ ಒಂದು ಭಾನುವಾರ ಹೋಗಿದ್ದೆ. ಇಬ್ಬರೂ ಮಂಚದ ಮೇಲೆ ಕೂತಿದ್ದೆವು. ಮನೆಯಲ್ಲಿ ಕೂಗುವವರು ಯಾರೂ ಇರಲಿಲ್ಲ. ಚಿಕ್ಕಪ್ಪ ಗೋಡೆ ನೋಡುತ್ತ ಕೇಳಿದ:

"ನಿನ್ನ ಕೈಲಾದ್ರೂ ಯಾವತ್ತಾದ್ರೂ ಅಂದಿದ್ಳೇನ್ಲಾ? ಇದ್ರಲ್ಲಿ ಯಾವುದ್ನಾದ್ರೂ ಚೆನ್ನಾಗೈತೆ ಅಂತ?"

ಆಗ ನನಗೆ ಒಂದು ಬಸ್ಸು ನೆನಪಾಯಿತು. ಮೂವರೂ ಧರ್ಮಪುರಿಗೆ ಹೋಗಿ, ಅಲ್ಲಿನ ಒಬ್ಬ ನಿವೃತ್ತ ಮೇಷ್ಟ್ರ ಮನೆಯಿಂದ ಒಂದು ಕಪ್ಪು ಗಿಟಾರು ತಂದಿದ್ದೆವು. ವಾಪಸು ಬರುವಾಗ ಬಸ್ಸು ತುಂಬಿತ್ತು. ಚಿಕ್ಕಪ್ಪ ಮುಂದೆ ಡ್ರೈವರ್ ಹತ್ತಿರ ನಿಂತಿದ್ದ. ನಾನು ಚಿಕ್ಕಮ್ಮನ ಪಕ್ಕ ಕೂತಿದ್ದೆ. ಅವಳು ಗಿಟಾರನ್ನು ಮಡಿಲಲ್ಲಿ ಮಲಗಿಸಿ, ಧೂಳು ಬೀಳದಂತೆ ಸೆರಗು ಹೊದಿಸಿದ್ದಳು. ತೊಪ್ಪೂರು ಘಾಟಿ ಇಳಿಯುವಾಗ ಸೆರಗು ಸರಿಸಿ ಒಮ್ಮೆ ನೋಡಿದಳು. ಇಷ್ಟು ಖಂಡಿತ. ಆಮೇಲೆ ನನ್ನ ಕಡೆ ವಾಲಿ ಆ ಮಾತು ಹೇಳಿದಳೇ? ಹೇಳಿದಂತೆ ನೆನಪು. ಆದರೆ ಅದು ಮೆಲುದನಿಯ ಮಾತು. ಚಿಕ್ಕಮ್ಮನಿಗೆ ಮೆಲುದನಿ ಎನ್ನುವುದೇ ಇರಲಿಲ್ಲ. ಹಾಗಾದರೆ ಇದು ನಾನು ಆಮೇಲೆ ಎಂದೋ ಕಟ್ಟಿಕೊಂಡದ್ದಿರಬೇಕು. ಬೇರೆ ಯಾರಾದರೂ ಇಂಥ ಸಾಕ್ಷಿ ಹೇಳಿದ್ದರೆ ನಾನೇ ನಿಂತ ನಿಲುವಿನಲ್ಲಿ ತಳ್ಳಿಹಾಕುತ್ತಿದ್ದೆ.

"ಅಂದ್ಲು ಚಿಕ್ಕಪ್ಪ," ಎಂದೆ. "ಕರಿದಕ್ಕೆ. ಧರ್ಮಪುರಿಯಿಂದ ಬರ್ತಾ, ಬಸ್ಸಲ್ಲಿ."

ಅವನು ನನ್ನ ಕಡೆ ತಿರುಗಿದ. "ಬಸ್ಸಲ್ಲಾ? ಸುಮ್ಮಾ ಸೊಲ್ಲಾದೆ, ಸುಳ್ ಏಳ್ಬೇಡ. ನಾನೂ ಅದೇ ಬಸ್ಸಲ್ಲಿದ್ನಲ್ಲ. ಅವ್ಳು ಬಾಯ್ ಬಿಟ್ಟಿದ್ರೆ ಡ್ರೈವರ್ರೇ ಬ್ರೇಕ್ ಒಡೀತಿದ್ದ. ನನಗೆ ಕೇಳ್ಬೇಕಿತ್ತು."

"ಮೆಲ್ಲಗೆ ಅಂದ್ಲು."

ಇಲ್ಲಿಗೆ ನನ್ನ ಸಾಕ್ಷ್ಯ ಬಿದ್ದುಹೋಯಿತು ಎಂದುಕೊಂಡೆ. ಅವನು ನಗುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದು ಕಾದೆ. ಅವನು ಎರಡೂ ಮಾಡಲಿಲ್ಲ. ಮಂಚದ ಪಟ್ಟಿಯ ಮೇಲೆ ಬೆರಳು ಆಡಿಸಿದ.

"ಮೆಲ್ಲಗಾ?" ಎಂದ ಕೊನೆಗೆ.

"ಹೂಂ."

"ಮದ್ವೆಯಾದ ಹೊಸದ್ರಾಗೆ ಅಂಗೇ ಕಣ್ಲಾ ಮಾತಾಡ್ತಿದ್ದದ್ದು ಅವ್ಳು. ಪಕ್ಕದಾಗ್ ಕೂತಿದ್ರೂ ಬಗ್ಗಿ ಕೇಳ್ಬೇಕಿತ್ತು. ಶೆಡ್ಡಿಗೆ ಓದ್ಮೇಲೆ ಅದೆಲ್ಲ ಓಯ್ತು." ಆಮೇಲೆ ನನ್ನ ಕಡೆ ನೋಡಿ, "ನೀನು ಅವಾಗ ಉಟ್ಟೇ ಇರ್ಲಿಲ್ಲ," ಎಂದ.

ನಾನು ಹುಟ್ಟುವ ಮೊದಲಿನ ದನಿಯನ್ನು ನಾನು ಎಲ್ಲಿಂದ ತಂದು ಕಟ್ಟಿಕೊಂಡೇನು? ಈ ಪ್ರಶ್ನೆಯನ್ನು ಬೇರೆ ದಿನವಾಗಿದ್ದರೆ ಹಿಡಿದು ಜಗ್ಗುತ್ತಿದ್ದೆ. ಅಂದು ಬಿಟ್ಟೆ.

ಚಿಕ್ಕಪ್ಪ ಮಂಚದ ಮೇಲೆ ನನ್ನ ಹತ್ತಿರಕ್ಕೆ ಸರಿದ. ಅವನ ಕಿವಿಗಳಿಗೆ ಏನೂ ಆಗಿಲ್ಲ. ಆದರೂ ಒಂದು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡ.

"ಅವ್ಳು ಅಂದಂಗೇ ಒಂದ್ಸಲ ಅನ್ನು."

ನಾನು ಬಾಗಿ, ನನ್ನ ಕೈಲಾದಷ್ಟು ಮೆಲ್ಲಗೆ ಅಂದೆ.