ಮಣೆಯ ಮೇಲೆ ನಿಂತು ದೀಪ ಹಾಕುವ ಮನೆ

ಮಧುಗಿರಿಯಲ್ಲಿ ಮೊದಮೊದಲು ಮನೆಗೆ ಕರೆಂಟು ಹಾಕಿಸಿಕೊಂಡ ನಾಲ್ಕೈದು ಜನರಲ್ಲಿ ನಮ್ಮ ದೊಡ್ಡಪ್ಪನವರೂ ಒಬ್ಬರು. ಹಾಗೆ ಹಾಕಿಸಿಕೊಂಡ ಮೇಲೆ ಅದನ್ನು ಆದಷ್ಟೂ ಬಳಸದೆ ಕಾಪಾಡಿಕೊಂಡು ಬಂದವರು ಮಾತ್ರ ಇಡೀ ಊರಿಗೆ ಅವರೊಬ್ಬರೇ.

ಮಹಾರಾಜರ ಕಾಲ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ದೊಡ್ಡಪ್ಪ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ತರಾಗಿ ನಿವೃತ್ತರಾಗಿದ್ದರು. ಮನೆಯಲ್ಲಿ ಅವರು, ದೊಡ್ಡಮ್ಮ ಇಬ್ಬರೇ. ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಉಪಾಧ್ಯಾಯಿನಿಯ ಕೆಲಸ ಸಿಕ್ಕಿದ್ದರಿಂದ ಕೊರಟಗೆರೆಯಿಂದ ಬಂದು ಅವರ ಜೊತೆಗಿದ್ದೆ. ಮನೆ ಬೆಟ್ಟದ ಬುಡದಲ್ಲಿತ್ತು. ಆ ಬೆಟ್ಟವೋ ಒಂದೇ ಬಂಡೆ. ಬೇಸಿಗೆಯಲ್ಲಿ ಅದು ಕಾಯುತ್ತಿದ್ದ ಪರಿ ನೋಡಿದರೆ, ನಮ್ಮನ್ನು ಯಾರೋ ಕಾವಲಿಯ ಪಕ್ಕದಲ್ಲಿ ತಂದಿಟ್ಟು ಮರೆತುಹೋದಂತೆ ಅನಿಸುತ್ತಿತ್ತು.

ಮನೆಯಲ್ಲಿದ್ದದ್ದು ಮೂರು ಬಲ್ಬು, ಒಂದು ಟೇಬಲ್ ಫ್ಯಾನು. ಇವುಗಳಿಗಾಗಿ ದೊಡ್ಡಪ್ಪ ಮಾಡಿದ್ದ ಕಾಯಿದೆಗಳು ಸುಮಾರು ಇಪ್ಪತ್ತು. ಸ್ಕೂಲಿನ ನೋಟೀಸಿನಂತೆ ದುಂಡಗೆ ಬರೆದು, ಮಹಾರಾಜರ ಪಟದ ಪಕ್ಕಕ್ಕೇ ತೂಗುಹಾಕಿದ್ದರು. ಮೊದಲನೆಯ ಕಾಯಿದೆ: ಒದ್ದೆ ಕೈಯವರು ಸ್ವಿಚ್ಚು ಮುಟ್ಟಕೂಡದು. ಎರಡನೆಯದು: ಒಣಗಿದ ಕೈಯವರೂ ಮರದ ಮಣೆಯ ಮೇಲೆ ನಿಂತೇ ಮುಟ್ಟಬೇಕು. ಅದಕ್ಕಾಗಿ ಪ್ರತಿ ಸ್ವಿಚ್ಚಿನ ಕೆಳಗೂ ಒಂದೊಂದು ಮಣೆ ಹಾಕಿಸಿದ್ದರು. ಪಾವಗಡದ ಕಡೆಯಿಂದ ಬಂದ ನೆಂಟರೊಬ್ಬರು ಸಂಜೆ ಕಾಲು ತೊಳೆದುಕೊಂಡು ಬಂದು, ಪಡಸಾಲೆಯ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎಲೆ ಹಾಕುತ್ತಾರೆಂದು ಕಾದರು. ದೊಡ್ಡಪ್ಪನಿಗೆ ದೀಪ ಹಾಕಬೇಕಾಗಿತ್ತು. ನೆಂಟರನ್ನು ಏಳಿ ಎನ್ನಲು ಸಂಕೋಚ. ಕೊನೆಗೆ ದೊಡ್ಡಮ್ಮ ಆ ಕತ್ತಲಲ್ಲೇ, ಅಲ್ಲೇ ಎಲೆ ಹಾಕಿ ಬಡಿಸಿಬಿಟ್ಟರು.

ದೊಡ್ಡಮ್ಮನ ಕಷ್ಟ ಬೇರೆಯೇ. ಅವರು ಶಿರಾ ತಾಲ್ಲೂಕಿನ ಹಳ್ಳಿಯವರು. ಬೆಳಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿ ಒಲೆಯ ಮುಂದೆ ಕೂತರೆ ಮಧ್ಯಾಹ್ನದವರೆಗೂ ಕೈ ಒಣಗುತ್ತಿದ್ದದ್ದೇ ಇಲ್ಲ. ಅಡಿಗೆಮನೆಗೋ ಕಿಟಕಿಯಿಲ್ಲ. "ಏನಂದ್ರೆ, ಒಸಿ ದೀಪ ಹಾಕ್‌ಬನ್ನಿ" ಎಂದು ಅವರು ಕೂಗಬೇಕು. ದೊಡ್ಡಪ್ಪ ಕೈ ಒರೆಸಿಕೊಂಡು ಬಂದು, ಮಣೆ ಹತ್ತಿ, ಉಸಿರು ಬಿಗಿಹಿಡಿದು ಸ್ವಿಚ್ಚು ಒತ್ತಬೇಕು.

"ಇಂಗೆ ದಿನಾ ನಿಮ್ಮುನ್ನ ಕೂಗೋ ಬದ್ಲು ಚಿಮಣಿ ಬುಡ್ಡಿನೇ ಹಚ್ಕಂಡಿದ್ರೆ ಆಗ್ತಿರ್ಲಿಲ್ವಾ?" ಎಂದು ದೊಡ್ಡಮ್ಮ ಕೇಳುತ್ತಿದ್ದರು.

"ಅದರ ಹೊಗೆಗೆ ನಿನ್ನ ಕಣ್ಣು ಹಾಳಾಗುತ್ತೆ ಕಣೇ."

"ಕಣ್ಣು ಉಳ್ಕಂತು, ಗಂಟ್ಲು ಹೋಯ್ತು ಬುಡಿ."

ಇನ್ನು ಫ್ಯಾನು. ಅದನ್ನು ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಕಾಲು ಗಂಟೆ ತಿರುಗಿತೋ ಇಲ್ಲವೋ, ಆರಿಸಿ, ಅದರ ಬೆನ್ನಿಗೆ ಕೈಯ ಹಿಂಭಾಗವಿಟ್ಟು ನೋಡುತ್ತಿದ್ದರು. ಜ್ವರ ಬಂದ ಮಗುವನ್ನು ನೋಡುವ ಹಾಗೆ. "ಬಿಸಿಯಾಗಿದೆ, ಸ್ವಲ್ಪ ಸುಧಾರಿಸಿಕೊಳ್ಳಲಿ" ಎಂದು ಅದಕ್ಕೆ ಬೀಸಣಿಗೆಯಿಂದ ಗಾಳಿ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನಾವು ಬೆವರುತ್ತಾ ಕೂತಿರುತ್ತಿದ್ದೆವು, ಫ್ಯಾನು ತಂಪಾಗಿರುತ್ತಿತ್ತು.

ಸೆಕೆ ತಡೆಯಲೆಂದು ಪಡಸಾಲೆಯ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿಸಿದರು. ತಟ್ಟಿಗೆ ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿ ತಣ್ಣಗೆ, ಘಮಘಮ. ಆದರೆ ನೀರಿದ್ದ ಕಡೆ ಫ್ಯಾನು ಇರಬಾರದಲ್ಲ? ಫ್ಯಾನನ್ನು ಎತ್ತಿ ಪಡಸಾಲೆಯ ಆ ತುದಿಯ ಮೂಲೆಗೆ ಸೇರಿಸಿದರು. ಅಲ್ಲಿಂದ ಬೀಸಿದ ಗಾಳಿ ಗೋಡೆಯ ಕ್ಯಾಲೆಂಡರಿಗೆ ಮಾತ್ರ ತಲುಪುತ್ತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಬೇಸಿಗೆಯನ್ನು ಸುಖವಾಗಿ ಕಳೆದದ್ದು ಆ ಕ್ಯಾಲೆಂಡರು ಒಂದೇ.

ವೈರಿಂಗ್ ನೋಡಿಕೊಳ್ಳಲು ಶಿರಾದಿಂದ ಒಬ್ಬ ಸಾಬರು ಬರುತ್ತಿದ್ದರು. ಒಳ್ಳೆಯ ಕೆಲಸಗಾರ. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂಬುದನ್ನು ಬೆರಳಿನ ಹಿಂಭಾಗ ತಾಗಿಸಿಯೇ ನೋಡುವುದು ಅವರ ಅಭ್ಯಾಸ. ಅದನ್ನು ಕಂಡರೆ ದೊಡ್ಡಪ್ಪನ ಜೀವ ಬಾಯಿಗೆ ಬರುತ್ತಿತ್ತು.

"ಸಾಬರೇ, ಮನೇಲಿ ಮಕ್ಕಳೆಷ್ಟು ಜನ?"

"ಏಳು ಮೇಷ್ಟ್ರೇ."

"ಆ ಏಳು ಜನರ ಮುಖ ನೋಡಿಯಾದರೂ ಕೈ ಹಿಂದಕ್ಕೆ ತಗೊಳ್ಳಿ."

"ಫಿಕರ್ ಮಾಡ್‌ಬ್ಯಾಡ್ರಿ ಮೇಷ್ಟ್ರೇ, ನಮ್ದೂ ಕರೆಂಟ್ದೂ ದೋಸ್ತಿ ಐತೆ."

ಈ ಸಾಬರೇ ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನಡುವೆ ಕೊಳವೆ ನೆಟ್ಟು, ದಾರಿ ತಪ್ಪಿದ ಕರೆಂಟನ್ನು ನೆಲಕ್ಕೆ ಕಳಿಸುವ ಅರ್ತು ಇಳಿಸಿಕೊಟ್ಟವರು. ನೆಲ ಒಣಗಬಾರದು, ಆಗಾಗ ನೀರು ಹಾಕಿ ಎಂದಿದ್ದರು. ದೊಡ್ಡಪ್ಪ ಆಗಾಗ ಎಂಬುದನ್ನು ದಿನವೂ ಎಂದು ತಿದ್ದಿಕೊಂಡರು. ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಪಂಚೆಯುಟ್ಟು, ತಾಮ್ರದ ಚೊಂಬಿನಲ್ಲಿ ಕೊಳವೆಯ ಬುಡಕ್ಕೆ ನೀರು ಹುಯ್ಯುತ್ತಿದ್ದರು. ಸೊಪ್ಪು ಮಾರಲು ಬರುತ್ತಿದ್ದ ಮುದುಕಿ ಬೇಲಿಯಾಚೆಯಿಂದ ಇದನ್ನು ಎರಡು ವಾರ ನೋಡಿ, ಒಂದು ದಿನ ಕೇಳಿಯೇ ಬಿಟ್ಟಳು.

"ಇದ್ಯಾವ ದ್ಯಾವ್ರು ಸಾಮಿ?"

"ದೇವರಲ್ಲಮ್ಮ, ಅರ್ತು. ಮನೇಲಿರೋರನ್ನೆಲ್ಲ ಕಾಪಾಡೋದು ಇದೇ."

ಸುಳ್ಳು ಹೇಳಲಾರದ ಮನುಷ್ಯ, ಇದ್ದದ್ದನ್ನು ಇದ್ದಂತೆ ಹೇಳಿದ್ದರು. ಮುಂದಿನ ಸೋಮವಾರ ಕೊಳವೆಗೆ ಅರಿಸಿನ ಕುಂಕುಮ ಬಿತ್ತು, ಕಣಗಿಲೆ ಹೂವು ಬಂತು. ಮುದುಕಿಯ ಸೊಸೆ ತುಂಬಿದ ಬಸುರಿ. ಹೆರಿಗೆ ಸುಸೂತ್ರವಾಗಲೆಂದು ಮುದುಕಿ ಅರ್ತಪ್ಪನಿಗೆ ಹರಕೆ ಹೊತ್ತಿದ್ದಳಂತೆ. ದೊಡ್ಡಪ್ಪ ಮೊದಲು ಗದರಲು ಹೋದರು. ಆದರೆ ಮುದುಕಿ ದಿನಾ ಒಂದು ಕೊಡ ನೀರು ಹೊತ್ತು ತರುತ್ತಿದ್ದಾಳೆಂದು ಗೊತ್ತಾದ ಮೇಲೆ, "ನೀರು ಬಿದ್ದರೆ ಸಾಕು, ಯಾವ ಭಕ್ತಿಯಿಂದ ಬಿದ್ದರೇನು" ಎಂದು ಸುಮ್ಮನಾದರು. ಗಂಡುಮಗು ಹುಟ್ಟಿತು. ಅದಕ್ಕೆ ಅರ್ತಪ್ಪ ಎಂದು ಹೆಸರಿಡುವುದನ್ನು ತಪ್ಪಿಸಲು ದೊಡ್ಡಮ್ಮ ಬಹಳ ಹೆಣಗಬೇಕಾಯಿತು.

ತಿಂಗಳಿಗೊಂದು ಸಲ ಮನೆಯಲ್ಲಿ ಪರೀಕ್ಷೆಯೂ ನಡೆಯುತ್ತಿತ್ತು. ನಾನು ಕರೆಂಟು ಹೊಡೆಸಿಕೊಂಡವಳಂತೆ ಕಂಬ ಹಿಡಿದು ನಿಲ್ಲಬೇಕು. ದೊಡ್ಡಮ್ಮ ನನ್ನನ್ನು ಮುಟ್ಟದೆ ಓಡಿಹೋಗಿ ಮೈನ್ ಸ್ವಿಚ್ಚು ಎಳೆಯಬೇಕು. ದೊಡ್ಡಮ್ಮ ಒಂದು ಸಲವಾದರೂ ಪಾಸಾಗಲಿಲ್ಲ. ಪ್ರತಿ ಸಲವೂ ನೆಟ್ಟಗೆ ಬಂದು ನನ್ನ ತೋಳು ಹಿಡಿಯುತ್ತಿದ್ದರು.

"ಮುಟ್ಟಿದ್ರೆ ನೀನೂ ಹೋಗ್ತೀಯ ಅಂತ ಎಷ್ಟು ಸಲ ಹೇಳ್ಲಿ?"

"ಮಗೀನ ಅಂಗೇ ಬುಟ್ಟು ಹೆಂಗ್ ಓಡೋಗ್ಲಿ? ನಿಮ್ಮಂಗೆ ಕಲ್ಲೆದೆ ಅಲ್ಲ ನಂದು."

"ಎದೆ ಅಲ್ಲ ಕಣೇ, ಬುದ್ಧಿ ಬೇಕು ಇದಕ್ಕೆ" ಎಂದು ದೊಡ್ಡಪ್ಪ ಮುಂದಿನ ತಿಂಗಳಿಗೆ ಮರುಪರೀಕ್ಷೆ ಗೊತ್ತು ಮಾಡುತ್ತಿದ್ದರು.

ಎರಡನೆಯ ಬೇಸಿಗೆಯ ಒಂದು ಭಾನುವಾರ ಮಧ್ಯಾಹ್ನ. ಊಟವಾಗಿತ್ತು. ನಾನು ಪಡಸಾಲೆಯ ಬಾಗಿಲ ಬಳಿ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ದೊಡ್ಡಪ್ಪ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ದೊಡ್ಡಮ್ಮ ಕಿಟಕಿಯ ಬಳಿ ನಿಂತು ಚೊಂಬಿನಿಂದ ತಟ್ಟಿಗೆ ನೀರು ಚಿಮುಕಿಸುತ್ತಿದ್ದರು. ತಟ್ಟಿಯನ್ನು ತೂಗುಹಾಕಿದ ಕಬ್ಬಿಣದ ಸಲಾಕೆ ಒಂದು ಕಡೆಗೆ ಜರುಗಿತ್ತೆಂದು ಅದನ್ನು ಸರಿಮಾಡಲು ಕೈ ಹಾಕಿದರು. ಚೊಂಬು ಕೆಳಗೆ ಬಿದ್ದ ಸದ್ದಿಗೆ ನಾನು ತಲೆಯೆತ್ತಿ ನೋಡಿದೆ. ದೊಡ್ಡಮ್ಮ ಸಲಾಕೆ ಹಿಡಿದಲ್ಲೇ ಸೆಟೆದು ನಿಂತಿದ್ದರು. ಬಾಯಿ ತೆರೆದಿತ್ತು, ಧ್ವನಿಯಿರಲಿಲ್ಲ.

ನಾನು ಏಳುವಷ್ಟರಲ್ಲಿ ದೊಡ್ಡಪ್ಪ ಕುರ್ಚಿಯಿಂದ ಎದ್ದಿದ್ದರು. ಮೈನ್ ಸ್ವಿಚ್ಚು ಅವರ ಬೆನ್ನ ಹಿಂದೆಯೇ, ಎಂಟು ಹೆಜ್ಜೆ ದೂರದಲ್ಲಿತ್ತು. ಅವರೇ ಅಳೆದು ಹಾಕಿಸಿದ್ದು. ಆ ಕಡೆಗೆ ಅವರು ತಿರುಗಿಯೂ ನೋಡಲಿಲ್ಲ. ಬರಿಗಾಲಲ್ಲಿ ಆ ಒದ್ದೆ ನೆಲದ ಮೇಲೆ ಹೋಗಿ, ಎರಡೂ ಕೈಗಳಿಂದ ದೊಡ್ಡಮ್ಮನನ್ನು ಬಾಚಿ ತಬ್ಬಿಕೊಂಡರು. ಅವರೂ ಹಾಗೇ ಸೆಟೆದುಕೊಂಡರು.

ನಾನು ಓಡಿದೆ. ಮಣೆ ಹತ್ತಿದೆನೋ ಇಲ್ಲವೋ ನೆನಪಿಲ್ಲ. ಮೈನ್ ಎಳೆದು ತಿರುಗಿ ನೋಡಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಮೊದಲು ಮಿಸುಕಾಡಿದ್ದು ದೊಡ್ಡಮ್ಮ. ಅವರ ಬಲಗೈ ಬೆರಳುಗಳು ಸುಟ್ಟು ಬೆಳ್ಳಗಾಗಿದ್ದವು. ದೊಡ್ಡಪ್ಪ ಕಣ್ಣು ಬಿಟ್ಟು ಅವರನ್ನೇ ನೋಡುತ್ತಾ ಕೂತರು.

ಮಾರನೆಯ ದಿನ ಸಾಬರು ಬಂದು ತಟ್ಟಿ ಬಿಚ್ಚಿದರು. ಅದರ ಹಿಂದೆ, ಕಿಟಕಿಯ ಚೌಕಟ್ಟಿನ ಮೇಲೆ ಹಾದುಹೋಗಿದ್ದ ತಂತಿಗೆ ಸುತ್ತಿದ್ದ ಬಟ್ಟೆಯನ್ನು ಇಲಿ ಕಡಿದಿತ್ತು. ಬರಿದಾದ ತಂತಿ ಸಲಾಕೆಗೆ ತಾಗಿತ್ತು. ಪ್ರತಿ ವಾರ ಮನೆಯ ತಂತಿಯನ್ನೆಲ್ಲ ಕೋಲಿನಿಂದ ತೋರಿಸಿ ತೋರಿಸಿ ಪರೀಕ್ಷಿಸುತ್ತಿದ್ದ ದೊಡ್ಡಪ್ಪ, ನೀರಿದೆಯೆಂಬ ಭಯಕ್ಕೆ ಆ ಒಂದು ಮೊಳ ಜಾಗವನ್ನು ಮಾತ್ರ ನೋಡುತ್ತಿರಲಿಲ್ಲ. ಸಾಬರು ಯಾವತ್ತಿನಂತೆ ನಗಲಿಲ್ಲ. ತಂತಿಗೆ ಕೈ ಹಾಕುವ ಮೊದಲು ಅವತ್ತು ಅವರೇ ಹೋಗಿ ಮೈನ್ ತೆಗೆದು ಬಂದರು.

"ನೀವು ಸ್ವಿಚ್ ತಾವ ಓಡ್‌ಬೇಕಿತ್ತಲ್ಲ ಮೇಷ್ಟ್ರೇ" ಎಂದರು ಮೆಲ್ಲಗೆ.

"ಅಷ್ಟು ದೂರ ಹೋಗಕ್ಕಾಗ್ಲಿಲ್ಲ ಸಾಬರೇ" ಎಂದರು ದೊಡ್ಡಪ್ಪ.

ದೊಡ್ಡಮ್ಮನ ಕೈಗೆ ಮೂರು ವಾರ ಪಟ್ಟಿ ಕಟ್ಟಿದ್ದರು. ಅಡಿಗೆ ನಾನು ಮಾಡುತ್ತಿದ್ದೆ. ತಲೆ ಬಾಚಿಕೊಡಲು ಹೋದರೆ ಮಾತ್ರ ದೊಡ್ಡಪ್ಪ, "ನೀನು ಸ್ಕೂಲಿಗೆ ಹೊರಡು, ಹೊತ್ತಾಗುತ್ತೆ" ಎಂದು ಬಾಚಣಿಗೆ ಕಿತ್ತುಕೊಂಡರು. ನಾಲ್ಕು ಜನರೆದುರು ಹೆಂಡತಿಯ ಜೊತೆ ಒಂದು ಮೆದು ಮಾತಾಡಿದರೂ ಗಂಡಸಿನ ಮರ್ಯಾದೆ ಹೋಗುತ್ತದೆ ಎನ್ನುವ ಕಾಲ ಅದು. ಅಂಥದ್ದರಲ್ಲಿ ಅವರು ಜಗಲಿಯ ಮೇಲೆಯೇ, ಬೀದಿಗೆ ಎದುರಾಗಿ, ದೊಡ್ಡಮ್ಮನ ಹಿಂದೆ ಕೂತು ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದರು. ಜಡೆ ಹೆಣೆಯುವುದು ಆ ಹೆಡ್‌ಮಾಸ್ತರಿಗೆಲ್ಲಿ ಬರಬೇಕು? ಒಂದೆಳೆ ದಪ್ಪ, ಒಂದೆಳೆ ಸಣ್ಣ. ಜಡೆ ಎಡಗಿವಿಯ ಪಕ್ಕಕ್ಕೆ ಇಳಿದಿತ್ತು.

ಆ ಜಡೆಯಲ್ಲೇ ದೊಡ್ಡಮ್ಮ ಮುಂದಿನ ಸೋಮವಾರ ಗುಡಿಗೆ ಹೊರಟು ನಿಂತರು.

"ದೊಡ್ಡಮ್ಮ, ಬನ್ನಿ, ಬಿಚ್ಚಿ ಸರಿಯಾಗಿ ಹಾಕಿಕೊಡ್ತೀನಿ" ಎಂದೆ.

ಅವರು ಎಡಗೈಯಿಂದ ಜಡೆಯನ್ನು ಒಂದು ಸಲ ಸವರಿ ನೋಡಿಕೊಂಡರು.

"ಬ್ಯಾಡ ಕಣಮ್ಮ, ಇರ್ಲಿ ಬುಡು" ಎಂದು, ಗುಡಿಗೆ ಹೋಗುವಾಗ ಯಾವತ್ತೂ ತಲೆಗೆ ಹೊದೆಯುತ್ತಿದ್ದ ಸೆರಗನ್ನೂ ಹೊದೆಯದೆ ಮೆಟ್ಟಿಲಿಳಿದರು.