ದೇವರಿಗೂ ಅಡುಗೆಗೂ ಬೇಡದ ಗಿಡ

ಗಿಡ ಮಾರುವವರಿಗೆ ಇಂಥದ್ದು ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ. ಕೊಡಿಗೇಹಳ್ಳಿಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಮಕ್ಕಳದ್ದಲ್ಲ, ಗಿಡದ್ದು. ಮಗುವಿಗೆ ಅಡ್ಮಿಷನ್ ಕೇಳಿಕೊಂಡು ಬಂದವರೂ ಇದ್ದಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹೆಬ್ಬಾಳದ ಹತ್ತಿರದ ಒಂದು ಅಪಾರ್ಟ್‌ಮೆಂಟಿನವರು ತಮ್ಮ ಸ್ವಿಮ್ಮಿಂಗ್ ಪೂಲ್ ಸುತ್ತ ಗಿಡ ಹಾಕುವ ಕೆಲಸ ಕೊಟ್ಟರು. ಷರತ್ತು ಒಂದೇ. ಸಂಕ್ರಾಂತಿಯ ಹೊತ್ತಿಗೆ ಗಿಡಗಳು ಹಸಿರಾಗಿ ನಿಂತಿದ್ದರೆ ಇಡೀ ಕಾಂಪೌಂಡಿನ ತೋಟದ ಕಾಂಟ್ರ್ಯಾಕ್ಟ್ ನನಗೆ, ಇಲ್ಲದಿದ್ದರೆ ಏರ್‌ಪೋರ್ಟ್ ರೋಡಿನ ದೊಡ್ಡ ನರ್ಸರಿಯವರಿಗೆ. ಪೂಲ್ ಪಕ್ಕದ ಗಿಡ ಹೇಗಿರಬೇಕೆಂದರೆ, ಕ್ಲೋರಿನ್ ನೀರು ಸಿಡಿದರೂ ತಡೆಯಬೇಕು, ಎಲೆ ಉದುರಿಸಬಾರದು, ಮುಳ್ಳಿರಬಾರದು, ಬೇರು ಟೈಲ್ಸ್ ಎಬ್ಬಿಸಬಾರದು. ಇಷ್ಟೇ ಅಂದುಕೊಂಡಿದ್ದೆ. ಅಲ್ಲಿ ವಾಸಿಸುವವರನ್ನೂ ತಡೆಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

೧. ಬೀಳದ ತೆಂಗು

ಮೊದಲ ಮೀಟಿಂಗಿನಲ್ಲೇ ಅಧ್ಯಕ್ಷರು, "ಸುತ್ತ ತೆಂಗಿನ ಮರ ಇರ್ಲಿ, ಮಾಲ್ಡೀವ್ಸ್ ಥರ ಇರ್ಬೇಕು" ಅಂದರು. ಅವರು ಮಾಲ್ಡೀವ್ಸ್‌ನಿಂದ ಬಂದು ವಾರವಾಗಿತ್ತಷ್ಟೆ.

"ಸರ್, ಕಾಯಿ ಈಜೋರ ತಲೆ ಮೇಲೆ ಬೀಳತ್ತೆ."

"ಹಾಗಾದ್ರೆ ಕಾಯಿ ಬಿಡದೇ ಇರೋ ತೆಂಗು ಹಾಕಿ."

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. "ಕಾಯಿ ಬಿಡದ ಮರ ಮನೆ ಮುಂದೆ ಇರ್ಬಾರ್ದು, ಅಪಶಕುನ. ಕಾಯಿ ಬಿಡ್ಲಿ, ಬೀಳ್ಬಾರ್ದು ಅಷ್ಟೆ."

ಸೆಕ್ರೆಟರಿ ಗಂಭೀರವಾಗಿ ಬರೆದುಕೊಂಡರು: 'ಕಾಯಿ ಬಿಡುವ, ಆದರೆ ಬೀಳದ ತೆಂಗು. ನರ್ಸರಿಯವರು ಮೂರು ಕೊಟೇಶನ್ ತರತಕ್ಕದ್ದು.'

೨. ಜನ ಸರಿಯಿಲ್ಲ

ಅಂಥ ತೆಂಗಿಗೆ ಒಂದು ಕೊಟೇಶನ್ನೂ ಸಿಗದೆ ದಾಸವಾಳ ಹಾಕಿದೆ. ಅದು ಬಿಸಿಲನ್ನು ತಡೆಯಿತು, ಕ್ಲೋರಿನ್ ತಡೆಯಿತು. ಬೆಳಗಿನ ವಾಕಿಂಗಿನವರನ್ನು ತಡೆಯಲಿಲ್ಲ. ಒಂದು ದಿನ ನೋಡುತ್ತೇನೆ, ಒಬ್ಬ ಅಜ್ಜಿ ಊರುಗೋಲಿನಿಂದ ಕೊಂಬೆ ಬಗ್ಗಿಸಿ, ಮೊಗ್ಗನ್ನೂ ಬಿಡದೆ ಕೀಳುತ್ತಿದ್ದಾರೆ. ಹೂವಿನ ಕವರನ್ನು 'ಹೂವು ಕೀಳಬಾರದು' ಬೋರ್ಡಿಗೇ ತಗುಲಿಹಾಕಿದ್ದರು.

"ಅಜ್ಜಿ, ಬೋರ್ಡ್ ನೋಡ್ಲಿಲ್ವಾ?"

"ನೋಡ್ದೆ ಕಣಮ್ಮ. ಅದು ಮನುಷ್ಯರಿಗೆ. ನಾನು ದೇವರಿಗೆ ಕೀಳ್ತಿದೀನಿ."

"ಸರಿ, ಮೊಗ್ಗು ಯಾಕಜ್ಜಿ?"

"ಬಿಟ್ರೆ ಬೇರೆಯೋರು ಕಿತ್ಕೊಂಡ್ ಹೋಗ್ತಾರೆ. ಜನ ಸರಿಯಿಲ್ಲ ಕಣಮ್ಮ."

೩. ಬಹುಮತ

ಹೂವಿನ ಸಹವಾಸವೇ ಬೇಡವೆಂದು ದೊಡ್ಡಪತ್ರೆ ಹಾಕಿದೆ. ದಪ್ಪ ಎಲೆಯ ಗಿಡ, ಶೀತಕ್ಕೆ ಒಳ್ಳೆಯದು, ಮೊಸರು ಹಾಕಿ ರುಬ್ಬಿದರೆ ತಂಬುಳಿಯಾಗುತ್ತದೆ. ಇದನ್ನು ನಿಮಗೆ ವಿವರಿಸುವಷ್ಟು ಸಲೀಸಾಗಿ ನನಗೇ ಹೇಳಿಕೊಂಡಿದ್ದರೆ ಅದನ್ನು ಹಾಕುತ್ತಲೇ ಇರಲಿಲ್ಲ. ಎಲ್ಲ ಮಹಡಿಗಳಲ್ಲೂ ತಂಬುಳಿಯೋ ತಂಬುಳಿ.

ಸ್ವಲ್ಪ ದಿನದಲ್ಲೇ ಸೆಕ್ರೆಟರಿ ನನ್ನನ್ನು ಕರೆಸಿ, ಕಂಪ್ಲೇಂಟ್ ಬಂದಿದೆ ಅಂದರು. ಎಲೆ ಕದ್ದವರ ಮೇಲಿರಬೇಕೆಂದು ಖುಷಿಯಾಯಿತು.

"ತಂಬುಳಿ ಕ್ಲೋರಿನ್ ವಾಸನೆ ಹೊಡೀತಿದೆಯಂತೆ ಮೇಡಂ. ಪೂಲಿಗೆ ಕ್ಲೋರಿನ್ ಹಾಕೋದು ಕಮ್ಮಿ ಮಾಡ್ಸಿದೀನಿ."

"ಅಯ್ಯೋ ಸರ್, ಈಜೋರ ಗತಿ?"

"ಈಜೋರು ನಾಲ್ಕೇ ಜನ. ತಂಬುಳಿ ತಿನ್ನೋರು ಅರವತ್ತು ಮನೆ. ಡೆಮಾಕ್ರಸಿ ಅಲ್ವಾ ಮೇಡಂ?"

೪. ಅಲ್ಲೇ ಇದೆ

ಈಜುವವರಿಗೆ ಮರೆಯಾಗಲೆಂದು ಹಿಂಬದಿಗೆ ಬಾಳೆ ನೆಟ್ಟೆ. ಆಯುಧಪೂಜೆಯ ದಿನ ಹೋದರೆ ಒಂದೂ ಇಲ್ಲ. ಹುಡುಕುತ್ತಾ ಹೋದರೆ ಅಷ್ಟೂ ಪೂಲಿನ ಮೋಟಾರ್ ರೂಮಿನ ಬಾಗಿಲಿಗೆ ಕಟ್ಟಿಸಿಕೊಂಡು ನಿಂತಿವೆ. ಒಳಗೆ ಮೋಟಾರಿಗೆ ಕುಂಕುಮ, ಮಂಗಳಾರತಿ.

ಸೆಕ್ರೆಟರಿ ಪ್ರಸಾದ ಕೊಟ್ಟು ಸಮಾಧಾನ ಮಾಡಿದರು. "ಟೆನ್ಷನ್ ಮಾಡ್ಕೋಬೇಡಿ ಮೇಡಂ. ಪೂಲಿನ ಗಿಡ ಪೂಲಿಗೇ ಹಾಕಿದೀವಿ."

೫. ಯಾರೂ ಮುಟ್ಟದ್ದು

ಇನ್ನು ಉಳಿದದ್ದು ಒಂದೇ ದಾರಿ. ದೇವರಿಗೆ, ಅಡುಗೆಗೆ, ಕೆಮ್ಮಿಗೆ, ಯಾವುದಕ್ಕೂ ಬೇಡದ ಗಿಡ ಹುಡುಕಬೇಕು. ಅಂಬ್ರೆಲಾ ಪಾಮ್ ಸಿಕ್ಕಿತು. ಉದ್ದನೆಯ ಹಸಿರು ಕಡ್ಡಿ, ತುದಿಯಲ್ಲಿ ಬಿಚ್ಚಿದ ಛತ್ರಿಯಂತೆ ಎಲೆ. ನೀರೆಂದರೆ ಪ್ರಾಣ. ವಾಸನೆಯಿಲ್ಲ, ರುಚಿಯಿಲ್ಲ. ಪೂಲಿನ ಸುತ್ತ ಸೊಂಪಾಗಿ ಬೆಳೆಯಿತು. ಒಬ್ಬರೂ ಅದರತ್ತ ತಿರುಗಿ ನೋಡಲಿಲ್ಲ.

ಸಂಕ್ರಾಂತಿಗೆ ಕಮಿಟಿ ನೋಡಲು ಬಂತು. ಅಧ್ಯಕ್ಷರು ಪೂರ್ತಿ ಒಂದು ಸುತ್ತು ಹಾಕಿ, "ಒಂದ್ ಎಲೆನೂ ಹೋಗಿಲ್ವಲ್ಲ!" ಅಂದರು. ನಾನು ಹಿಗ್ಗಿದೆ.

"ನಮ್ಮ ಜನ ಮುಟ್ಟಿಲ್ಲ ಅಂದ್ರೆ ಇದ್ರಲ್ಲಿ ಏನೋ ವಿಷ ಇದೆ ಕಣ್ರೀ. ಮಕ್ಕಳು ಓಡಾಡೋ ಜಾಗ. ಕಿತ್ತು ಹಾಕ್ಸಿ."

"ಇಲ್ಲ ಸರ್, ಏನೂ ಆಗಲ್ಲ" ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಸೆಕ್ರೆಟರಿ ಪೆನ್ನು ಜೇಬಿಗೆ ಹಾಕಿಕೊಂಡರು. ನನ್ನ ಕಾಂಟ್ರ್ಯಾಕ್ಟ್ ಕಣ್ಣೆದುರೇ ಏರ್‌ಪೋರ್ಟ್ ರೋಡಿನ ಬಸ್ಸು ಹತ್ತುತ್ತಿತ್ತು. ಬೇರೇನೂ ತೋಚದೆ ಒಂದು ಛತ್ರಿ ಎಲೆ ಕಿತ್ತೆ. ಕಾಂಪೌಂಡಿನೊಳಗೆ ಗಣೇಶನ ಪುಟ್ಟ ಗುಡಿಯಿತ್ತು. ಅಲ್ಲಿಗೆ ಹೋಗಿ ಗಣೇಶನ ಮುಂದಿಟ್ಟು ಕೈಮುಗಿದೆ.

"ವಿಷ ಆಗಿದ್ರೆ ದೇವರಿಗೆ ಇಡ್ತಿದ್ನಾ ಸರ್?"

ನಿಜ ಹೇಳಬೇಕೆಂದರೆ ಎಕ್ಕದ ಗಿಡವೂ ವಿಷವೇ, ಅದರ ಹೂವನ್ನೂ ಗಣೇಶನಿಗೇ ಇಡುತ್ತೇವೆ. ಆ ಕ್ಷಣ ಅದು ಯಾರಿಗೂ ನೆನಪಾಗದಿದ್ದುದು ನನ್ನ ಪುಣ್ಯ. ಅಧ್ಯಕ್ಷರು ಚಪ್ಪಲಿ ಬಿಟ್ಟು ಕೈಮುಗಿದು, ಅಲ್ಲೇ ಗುಡಿಯ ಕಟ್ಟೆಯ ಮೇಲೆ ಕಾಂಟ್ರ್ಯಾಕ್ಟಿಗೆ ಸೈನ್ ಹಾಕಿದರು.

ಮಾರನೇ ದಿನ ಬೆಳಿಗ್ಗೆ ಅವರದೇ ಫೋನು.

"ಮೇಡಂ, ಪೂಲ್ ಸುತ್ತ ಬರೀ ಕಡ್ಡಿ ನಿಂತಿದೆ. ಒಂದ್ ಎಲೆನೂ ಇಲ್ಲ."

"ಅಯ್ಯೋ ದೇವರೇ! ಯಾರ್ ಸರ್ ಕಿತ್ತಿದ್ದು?"

"ಅದನ್ನ ಆಮೇಲೆ ಮಾತಾಡೋಣ. ನಮ್ಮನೆಯವ್ರು ಒಂದು ಬಕೆಟ್ ತುಂಬ ತಂದಿಟ್ಕೊಂಡು ಪೂಜೆಗೆ ಕೂತಿದಾರೆ. ಗಣೇಶನಿಗೆ ಒಂದು ಸಾಕಾ, ಇಪ್ಪತ್ತೊಂದು ಏರಿಸ್ಬೇಕಾ?"