ಕಿವಿಗೆ ಎಟುಕದ ಕೈ

ಇಲ್ಲ, ಅದು ಹುಮನಾಬಾದಿನಲ್ಲೇ ನಡೆದದ್ದಿರಬೇಕು. ನನ್ನ ಹೆಂಡತಿಯನ್ನು ಕೇಳಿದರೆ ಬಸವಕಲ್ಯಾಣ ಎನ್ನುತ್ತಾಳೆ. ಎರಡೂ ಊರುಗಳಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದೆವು, ಎರಡೂ ಮನೆಗಳ ಬಾಗಿಲಿಗೆ ಒಂದೇ ನೀಲಿ ಬಣ್ಣವಿತ್ತು. ಹಾಗಾಗಿ ಯಾವುದೇ ಘಟನೆಯನ್ನು ಯಾವ ಬಾಗಿಲಿನಿಂದ ಬೇಕಾದರೂ ಒಳಗೆ ಕರೆದುಕೊಳ್ಳಬಹುದು. ನಾನು ರಸ್ತೆ ಇಲಾಖೆಯಲ್ಲಿ ಓವರ್‌ಸಿಯರನಾಗಿದ್ದವನು. ಒಂದೇ ರಸ್ತೆಯನ್ನು ವರ್ಷ ವರ್ಷ ದುರಸ್ತಿ ಮಾಡಿಸಿದರೆ ಮೂಲ ರಸ್ತೆ ಯಾವುದಿತ್ತು ಎಂಬುದು ಹಾಕಿದವನಿಗೂ ತಿಳಿಯುವುದಿಲ್ಲ. ಈ ಪ್ರಸಂಗವನ್ನೂ ನಾನು ಬಹಳ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಒಂದೆರಡು ಬುಟ್ಟಿ ಹೊಸ ಮುರುಮು ಬಿದ್ದಿದೆ. ಓದುವವರು ಸ್ವಲ್ಪ ನೋಡಿಕೊಂಡು ಕಾಲಿಡಬೇಕು.

ನನ್ನ ಮಗಳು ಮಹಾನಂದಾಗೆ ಆಗ ಐದು ತುಂಬಿರಲಿಲ್ಲ. ಅಕ್ಷರ ಬರುತ್ತಿದ್ದವು. ಯಾರೂ ಕಲಿಸಿರಲಿಲ್ಲ. ರಜೆಯ ದಿನ ಸೈಕಲ್ಲಿನ ಮುಂದಿನ ದಂಡದ ಮೇಲೆ ಟವೆಲ್ ಸುತ್ತಿ ಅವಳನ್ನು ಕೂರಿಸಿಕೊಂಡು ದುಬಲಗುಂಡಿ ರಸ್ತೆಯ ಕೆಲಸ ನೋಡಲು ಹೋಗುತ್ತಿದ್ದೆ. ದಾರಿಯ ಕಲ್ಲುಗಳ ಮೇಲೆ ಬರೆದದ್ದನ್ನು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಅಷ್ಟೆ. ಹೀಗೆ ಕಲ್ಲುಗಳಿಂದ ಓದು ಕಲಿತವಳನ್ನು ತಂದು ಬಾಲವಾಡಿಗೆ ಹಾಕಿದೆವು. ದಸರೆ ಮುಗಿಯುತ್ತಲೇ ಬಾಲವಾಡಿಯ ಶಾಂತಾಬಾಯಿ ನಮ್ಮ ಮನೆ ಬಾಗಿಲಿಗೆ ಬಂದರು.

"ಓವರ್‌ಸಿಯರ್ ಸಾಹೇಬ್ರ, ನಿಮ್ಮ ಪೋರಿ ನನಗ ಪರೇಶಾನ್ ಮಾಡಾಕತ್ತಾಳ್ರಿ. ನಾ ಒಂದು, ಎರಡು, ಮೂರು ಅಂತ ಹೇಳಿಕೊಟ್ರ, ಆಕಿ ಎದ್ದು ನಿಂತು ಹಂಗಲ್ರಿ ಬಾಯಾರ, ಹತ್ತು, ಒಂಬತ್ತು, ಎಂಟು ಅನ್ರಿ ಅಂತಾಳ."

"ಯಾಕ ಹಂಗಂತೀ?" ಎಂದು ಮಗಳನ್ನು ಕೇಳಿದೆ.

"ಊರು ಹತ್ರ ಬಂದಾಂಗ ಕಲ್ಲಿನ್ಯಾಗ ಕಡಿಮಿ ಆಕ್ಕೋತ ಬರ್ತಾವಲ್ಲಪ್ಪಾ. ಬಾಯಾರು ಹೇಳ್ದಂಗ ಹೋದ್ರ ಮನಿ ದೂರ ಆಗ್ತದ."

ಈ ವಾದಕ್ಕೆ ಇಲಾಖೆಯ ಯಾವ ಎಂಜಿನಿಯರರ ಬಳಿಯೂ ಉತ್ತರವಿರಲಾರದು. ನಾನು ಹೆಮ್ಮೆಯಿಂದ ಶಾಂತಾಬಾಯಿಯ ಮುಖ ನೋಡಿದೆ. ಅವರ ಮುಖದಲ್ಲಿ ಹೆಮ್ಮೆಯ ಸುಳಿವಿರಲಿಲ್ಲ. "ಇದು ಏನೂ ಅಲ್ರಿ. ತಟ್ಟಿನ ಕತಿ ಕೇಳ್ರಿ" ಎಂದರು. ಮಕ್ಕಳೆಲ್ಲ ಕೂರುವ ಗೋಣಿತಟ್ಟಿನ ತುದಿಯಲ್ಲಿ ನಮ್ಮವಳ ಜಾಗ. ಉಳಿದವರು ಅ, ಆ ತಿದ್ದುವಾಗ ಇವಳಿಗೆ ಮಾಡಲು ಕೆಲಸವಿಲ್ಲ. ಬಾಯಿ ಮೇಲೆ ಬೆರಳಿಟ್ಟು ಕೂರಬೇಕು. ಒಂದು ಕೈಯ ಬೆರಳು ಬಾಯಿ ಮೇಲಿರುತ್ತಿತ್ತು. ಇನ್ನೊಂದು ಕೈ ತಟ್ಟಿನ ಎಳೆ ಎಳೆಯುತ್ತಿತ್ತು. ದಸರೆಯ ಹೊತ್ತಿಗೆ ತಟ್ಟು ಎಷ್ಟು ಮೋಟಾಗಿತ್ತೆಂದರೆ ಆ ತುದಿಯ ಮಕ್ಕಳೆಲ್ಲ ಬರಿಯ ನೆಲದ ಮೇಲೆ ಬಂದಿದ್ದರು. "ಒಂದನೇ ಇಯತ್ತೆಗೆ ಹಾಕ್ರಿ ಆಕೀನ್ನ. ಇಲ್ಲಾಂದ್ರ ಮನ್ಯಾಗ ಇಟ್ಕೋರ್ರಿ. ಎರಡನೇ ತಟ್ಟು ನನ್ನ ಕಡಿ ಇಲ್ರಿ" ಎಂದು ಅವರು ಖಡಾಖಂಡಿತವಾಗಿ ಹೇಳಿ ಹೋದರು. ಮನೆಯಲ್ಲಿ ಇಟ್ಟುಕೊಂಡರೆ ಏನಾಗುತ್ತದೆಂದು ನಮ್ಮ ಹಾಸಿಗೆ, ಚಾದರಗಳನ್ನು ನೆನೆದು ನನ್ನ ಹೆಂಡತಿ ಅಲ್ಲೇ ಕುಳಿತುಬಿಟ್ಟಳು.

ಒಂದನೇ ಇಯತ್ತೆಗೆ ಹೋಗುವ ದಾರಿಯಲ್ಲಿ ಒಂದೇ ಒಂದು ತಡೆಯಿತ್ತು: ಕಿವಿ. ಆಗಿನ ಕಾಲದಲ್ಲಿ ಹುಟ್ಟಿದ ತಾರೀಖನ್ನು ಯಾರೂ ನಂಬುತ್ತಿರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಮಗು ಶಾಲೆಗೆ ಬಂತು. ಮುಟ್ಟದಿದ್ದರೆ ಮುಂದಿನ ವರ್ಷ. ಮಹಾನಂದಾಳ ಕೈ ಕಿವಿಗಿಂತ ಎರಡು ಬೆರಳು ಮೇಲೆಯೇ ನಿಲ್ಲುತ್ತಿತ್ತು. ನಾನು ಟೇಪು ಹಿಡಿದು ಎರಡು ಸಲ ಅಳೆದೆ, ಎರಡು ಸಲವೂ ಬೇರೆ ಬೇರೆ ಅಳತೆ ಬಂತು. "ಊರೂರ ರಸ್ತಾ ಅಳೀತಿ, ಅಂಗೈಯಷ್ಟು ತಲಿ ಅಳ್ಯಾಕ ಬರಂಗಿಲ್ಲೇನೋ ನಿನಗ?" ಎಂದು ನಮ್ಮವ್ವ ಟೇಪು ಕಸಿದುಕೊಂಡು ಚಿಕಿತ್ಸೆಯನ್ನು ತನ್ನ ಕೈಗೆ ತೆಗೆದುಕೊಂಡಳು. ದಿನಾ ಮುಂಜಾನೆ ಮೊಮ್ಮಗಳ ಕೈಗಳಿಗೆ ಬಿಸಿ ಕುಸುಬಿ ಎಣ್ಣೆ ತಿಕ್ಕಿ ಎಳೆಯುವುದು, ಆಮೇಲೆ ಬಾಗಿಲ ಚೌಕಟ್ಟಿಗೆ ಜೋತು ಬಿಡುವುದು. ನನ್ನ ಹೆಂಡತಿಯ ವಿಚಾರವೇ ಬೇರೆ: ಕೈ ಬೆಳೆಸುವುದಕ್ಕಿಂತ ತಲೆ ಇಳಿಸುವುದು ಸುಲಭ. ಅವಳು ಜಡೆ ಹಾಕುವುದನ್ನು ಬಿಟ್ಟು ಕೂದಲಿಗೆ ನೀರು ಹಚ್ಚಿ ಒತ್ತಿ ಒತ್ತಿ ಬಾಚತೊಡಗಿದಳು. ಒಟ್ಟಿನಲ್ಲಿ ಮನೆಯಲ್ಲಿ ಎಲ್ಲರಿಗೂ ಕೆಲಸ ಸಿಕ್ಕಿತು.

ಒಂದು ದಿನ ನಾನು ಘಾಟಬೋರಾಳದಿಂದ ಬರುವಷ್ಟರಲ್ಲಿ ಅವ್ವ ಓಣಿಯಲ್ಲೇ ನಿಂತಿದ್ದಳು. "ಮುಟ್ಟ್ಯಾಳ! ನನ್ನ ಕಣ್ಣಾರೆ ನೋಡೀನಿ!" ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನೇ ದನಿ ಕೇಳಿ ಗುರುತಿಸುತ್ತಿದ್ದಳು. ಇನ್ನೊಮ್ಮೆ ಮುಟ್ಟಿ ತೋರಿಸೆಂದರೆ, "ಕೈ ಸೋತಾವ, ನಾಳಿ ತೋರಸ್ತೀನಿ" ಎಂದು ಮಗಳು ಮಲಗಿಬಿಟ್ಟಳು.

ಮರುದಿನವೇ ಶಾಲೆಗೆ ಕರೆದುಕೊಂಡು ಹೋದೆ. ಬಾಲವಾಡಿಯೂ ಅದೇ ಅಂಗಳದಲ್ಲಿತ್ತು. ಹೆಡ್‌ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು. ಅವರ ಮುಂದಿದ್ದ ಹಾಜರಿ ಪುಸ್ತಕದ ಮೇಲಿನ ಹೆಸರನ್ನು ನಮ್ಮವಳು ತಲೆಕೆಳಗಾಗಿಯೇ ಓದಿದಳು. ನಾನು ಗಂಟಲು ಸರಿಮಾಡಿಕೊಂಡೆ.

"ಓದೂದು ನಾವು ಕಲಸ್ತೇವ್ರಿ ಸಾಹೇಬ್ರ. ಕೈ ಬೆಳಸೂದು ನಮ್ಮ ಕೈಯಾಗ ಇಲ್ಲ" ಎಂದರು ಹೆಡ್‌ಮಾಸ್ತರರು. "ಬಾ ಬೇಟಾ, ಕಿವಿ ಮುಟ್ಟು."

ಕೈ ಮೇಲೇರಿತು, ನೆತ್ತಿ ದಾಟಿತು, ಕೂದಲೊಳಗೆ ಇಳಿದು ನಿಂತಿತು. "ಇನ್ನೂ ಜರಾ, ಜರಾ ಎಳಿ" ಎನ್ನುತ್ತ ಹೆಡ್‌ಮಾಸ್ತರರೇ ತಮ್ಮ ಕೈಯನ್ನು ತಮ್ಮ ಟೋಪಿಯ ಮೇಲೆ ಹಾಯಿಸಿ ತೋರಿಸಿದರು. ಮಗಳು ಅವರನ್ನು ನೋಡುತ್ತಿರಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದಳು. (ಆ ಕೋಣೆಗೆ ಕಿಟಕಿ ಇರಲೇ ಇಲ್ಲ ಎಂದು ನನ್ನ ಹೆಂಡತಿಯ ವಾದ. ಅವಳು ಬಂದಿರಲಿಲ್ಲ. ಇರಲಿ, ಬಾಗಿಲಾದರೂ ಇದ್ದೇ ಇತ್ತಲ್ಲ.) ಆಚೆ ಅಂಗಳದಲ್ಲಿ ಬಾಲವಾಡಿಯ ಮಕ್ಕಳು ಒಂದು ಉದ್ದ ಹಗ್ಗದೊಳಗೆ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತಿದ್ದವು. "ಬಿಚ್ಚಿದಾಕಿನೇ ಹೊಸಿ" ಎಂದು ಶಾಂತಾಬಾಯಿ ಸಿಟ್ಟಿನಿಂದ ಕೊಟ್ಟಿದ್ದ ತಟ್ಟಿನ ಎಳೆಗಳನ್ನು, ಇನ್ನೂ ಬಾಲವಾಡಿಗೇ ಹೋಗುತ್ತಿದ್ದ ಇವಳು ಹೊಸೆದು ಹಗ್ಗ ಮಾಡಿದ್ದಳಂತೆ. ಹಗ್ಗ ಬಸ್ಸಾಗಿತ್ತು. ದುಬಲಗುಂಡಿಯಿಂದ ಹುಮನಾಬಾದಿಗೆ ದಿನಾ ಹೊರಡುತ್ತಿತ್ತು. ಇಷ್ಟನ್ನೆಲ್ಲ ನಾನು ತಿಳಿದದ್ದು ಆಮೇಲೆ. ಆಗ ನನಗೆ ಕೇಳಿಸಿದ್ದು ಒಂದು ಪುಟ್ಟ ದನಿ: "ನಂದಾ, ಬರ್ತೀಯೋ ಇಲ್ಲೋ? ಬಸ್ ನಿಂತದ!"

ಮಗಳು ಕೈ ಇಳಿಸಿದಳು. "ಮುಟ್ಟವಲ್ದ್ರಿ ಸರ್. ನಾ ಹೋಗ್ಲ್ಯಾ? ಕಂಡಕ್ಟರ್ ಇಲ್ಲಾಂದ್ರ ಬಸ್ ಬಿಡಂಗಿಲ್ರಿ."

ಹೆಡ್‌ಮಾಸ್ತರರು ಏನಾದರೂ ಹೇಳುವ ಮೊದಲೇ ಹೊರಟುಹೋಗಿದ್ದಳು. ನಾನು ಅವಳ ಹಿಂದೆ ಬಾಗಿಲ ತನಕ ಹೋದೆ. ಬಸ್ಸು ಹೊರಟಿತು. "ಆರು! ಐದು! ನಾಕು!" ಎಂದು ಇಡೀ ಬಾಲವಾಡಿ ಉಲ್ಟಾ ಎಣಿಸುತ್ತ ಊರ ಹತ್ತಿರ ಬರುತ್ತಿತ್ತು. ಹಗ್ಗದ ಕೊನೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಂತಾಬಾಯಿಯೂ ಇದ್ದರು. ನನ್ನನ್ನು ಕಂಡು ಸ್ವಲ್ಪ ನಾಚಿದರು. "ಇರ್ಲಿ ಬಿಡ್ರಿ ಸಾಹೇಬ್ರ. ಮುಂದಿನ ವರ್ಷ ನೋಡೋಣು. ಈಗ ಆಕಿ ಹ್ವಾದ್ರ ಇವರಿಗೆ ಯಾರು ಸಂಭಾಳಸ್ತಾರ?" ಎಂದರು. ತಟ್ಟಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಮಹಾನಂದಾ ಮ್ಯಾಟ್ರಿಕ್ ಓದುತ್ತಿದ್ದಾಳೆ. ಅಂದು ಕೈ ಎಟುಕಲಿಲ್ಲವೋ, ನೀನೇ ಎಟುಕಗೊಡಲಿಲ್ಲವೋ ಎಂದು ಕೇಳಿದರೆ, "ನನಗೇನೂ ನೆನಪಿಲ್ಲಪ್ಪಾ. ನೀವು ಹೇಳಿ ಹೇಳಿ ನನಗ ನೆನಪಿದ್ದಂಗ ಆಗ್ಯಾದ" ಎನ್ನುತ್ತಾಳೆ. ಕಂಡೆನೆಂದ ಅವ್ವ ಈಗಿಲ್ಲ. ಮೊನ್ನೆ ಕನ್ನಡಿಯ ಮುಂದೆ ನಿಂತು ಸುಮ್ಮನೆ ನಾನೇ ಒಮ್ಮೆ ಪ್ರಯತ್ನಿಸಿದೆ. ವರ್ಷದಿಂದ ಭುಜ ಹಿಡಿದುಕೊಂಡಿದೆ. ಕೈ ನೆತ್ತಿಯ ತನಕವೂ ಏರಲಿಲ್ಲ. ಆ ಹೆಡ್‌ಮಾಸ್ತರರ ಲೆಕ್ಕದಲ್ಲಿ ನಾನಿನ್ನೂ ಬಾಲವಾಡಿಗೇ ಸರಿ. ಮಗಳ ಕೈ ಅಂದು ನಿಜವಾಗಿ ಎಷ್ಟು ಉದ್ದವಿತ್ತು ಎಂಬುದು, ಊರೂರ ರಸ್ತೆ ಅಳೆದ ನನಗೆ, ಗೊತ್ತಿಲ್ಲ.